ಹಿಟ್ಟಿನ ಹದ

ಠಾಕುರ್ಲಿ
೧೧ ಆಗಸ್ಟ್ ೨೦೨೪

ಚಿ. ಸೌ. ವೇದಾಳಿಗೆ ಅಣ್ಣನ ಆಶೀರ್ವಾದಗಳು.

ನಿನ್ನ ಫೋನುಗಳನ್ನೆಲ್ಲ ಕಟ್ ಮಾಡಿದೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ದನಿ ಕೇಳಿದರೆ ಅತ್ತುಬಿಡುತ್ತೇನೆ, ಅದಕ್ಕೇ ತಡವಾಗಿಯಾದರೂ ಕಾಗದ ಬರೆಯುತ್ತಿದ್ದೇನೆ. ಅಕ್ಷರ ಕೋಳಿಕಾಲಿನ ಹಾಗಿದೆ ಎಂದು ನಗಬೇಡ, ಇದು ಎಡಗೈಯದು. ಬಲಗೈಯ ಬೆರಳುಗಳು ಹೋಟೆಲಿನ ಗ್ರೈಂಡರಿಗೆ ಹೋದವು.

ಮುಚ್ಚಳ ತೆಗೆದರೆ ತಾನಾಗಿ ನಿಲ್ಲುವ ಮಿಷನ್ ಅದು. ಪದೇ ಪದೇ ನಿಂತರೆ ಇಡ್ಲಿಗೆ ತಡವಾಗುತ್ತದೆಂದು ಧಣಿಗಳು ಮುಚ್ಚಳ ಕಳಚಿ ಗೋಡೆಗೆ ಒರಗಿಸಿ, ನಿಲ್ಲದ ಹಾಗೆ ವಯರ್ ಜೋಡಿಸಿದ್ದರು. ದೊಡ್ಡಪ್ಪ ನಮಗೆ ಕಲಿಸಿದ್ದು ನಿನಗೂ ನೆನಪಿರಬೇಕು, ಕಲ್ಲು ತಿರುಗುತ್ತಿರುವಾಗಲೇ ಹಿಟ್ಟನ್ನು ಬೆರಳಿಗೆ ತಗೊಂಡು ಹದ ನೋಡಬೇಕು, ಕಣ್ಣಲ್ಲಿ ನೋಡುವವನು ಅಡುಗೆಯವನೇ ಅಲ್ಲ. ಜೊತೆಗಿದ್ದ ಮಾಪಣ್ಣ ಬದಲಾಪುರದ ಹೋಟೆಲ್ ಸೇರಿದ ಮೇಲೆ ಅವನ ಪಾಳಿಯೂ ನನ್ನ ತಲೆಗೇ ಬಂತು. ನಿದ್ದೆ ಎಂಬುದಿರಲಿಲ್ಲ. ನೆಲದ ಮೇಲೆ ಸದಾ ಅಕ್ಕಿ ತೊಳೆದ ನೀರು. ಹದ ನೋಡಲು ಕೈ ಹಾಕಿದ್ದೆ, ಕಾಲು ಜಾರಿತು.

ಧಣಿಗಳು ಮೋಸಂಬಿ ಹಿಡಿದುಕೊಂಡು ಆಸ್ಪತ್ರೆಗೆ ಬಂದಿದ್ದರು. "ಎಂತ ಭಟ್ರೇ, ಇಷ್ಟು ಅನುಭವ ಇದ್ದೂ ಸ್ವಲ್ಪ ಜಾಗ್ರತೆ ಬೇಡ್ವಾ?" ಎಂದರು. ಜಾಗ್ರತೆಯಂತೆ! ಬೈಯಲೆಂದೇ ಬಾಯಿ ತೆರೆದವನು "ಹೌದು ಧಣಿ" ಎಂದೆ. ನಾನು ಇಷ್ಟು ಹೇಡಿ ಎಂದು ನನಗೇ ಗೊತ್ತಿರಲಿಲ್ಲ ವೇದಾ.

ಮಗಳು ತನ್ವಿ ತುತ್ತು ಮಾಡಿ ಉಣಿಸುತ್ತಾಳೆ. "ಪಪ್ಪಾ, ಮುಂಹ್ ಖೋಲೋ" ಎಂದು, ಬಾಯಿ ತೆರೆಯಲು ಹಿಂದಿಯಲ್ಲೇ ಗದರುತ್ತಾಳೆ. ನಗು ಬರಬೇಕಿತ್ತು, ಬರುವುದಿಲ್ಲ. ನಾವಿರುವ ರೂಮು ಹೋಟೆಲಿನದು, ಮನೆಯಿಂದ ಯಾರೂ ಕೆಲಸಕ್ಕೆ ಹೋಗದಿದ್ದರೆ ಬಿಟ್ಟುಕೊಡಬೇಕು. ಬದುಕು ಸಾಕಾಗಿದೆ.

ಭಾವನಿಗೆ ನಮಸ್ಕಾರ ತಿಳಿಸು, ಮಕ್ಕಳಿಗೆ ಆಶೀರ್ವಾದ. ದೇವರು ನಿಮ್ಮೆಲ್ಲರ ಕೈಕಾಲು ಗಟ್ಟಿಯಾಗಿಟ್ಟಿರಲಿ.

ಇತಿ ನಿನ್ನ
ವಿಷ್ಣುಮೂರ್ತಿ ಅಣ್ಣ

ಒಂದು ಮಾತು ಉಳಿಯಿತು: ಅತ್ತಿಗೆ ಹೇಗಿದ್ದಾಳೆ ಎಂದು ನೀನು ಕೇಳದೆ ಇರುವುದಿಲ್ಲ. ರೂಮು ಉಳಿಯಲೆಂದು ಶ್ರೀಮತಿ ನನ್ನ ಜಾಗಕ್ಕೆ ಸೇರಿದ್ದಾಳೆ. ಅದೇ ಗ್ರೈಂಡರ್. ಮುಚ್ಚಳ ಇನ್ನೂ ಗೋಡೆಗೇ ಒರಗಿದೆಯಂತೆ. ಕೈ ಹಾಕಬೇಡ ಮಾರಾಯ್ತಿ ಎಂದು ದಿನಾ ಬೇಡಿಕೊಳ್ಳುತ್ತೇನೆ. ನಿನ್ನೆ ಕೆಲಸದಿಂದ ಬಂದವಳು ನನ್ನ ಪಕ್ಕದಲ್ಲಿ ಕೂತು, ನನ್ನನ್ನು ಸಮಾಧಾನ ಮಾಡಲೆಂದೇ ಹೇಳಿದಳು: "ಇನ್ನು ಧಣಿಗಳು ನನ್ನನ್ನು ತೆಗೆಯೂದಿಲ್ಲ, ಹೆದರ್ಬೇಡಿ. ಹಿಟ್ಟಿನ ಹದ ಈಗ ನನ್ನ ಬೆರಳಿಗೂ ಗೊತ್ತಾಗ್ತದೆ."