ಯುಗಾದಿಯ ಸಾಬೂನು

ಮಡಕಶಿರಾ
೧೪ನೇ ಆಗಸ್ಟ್ ೧೯೩೨

ಚಿ. ಸೌ. ಗಂಗಕ್ಕನಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ಹೇಗಿದ್ದೀಯಮ್ಮಾ? ಏಳು ತಿಂಗಳು ತುಂಬುತ್ತಾ ಬಂತು, ಕಾಲು ಊದಿಕೊಂಡಿಲ್ಲ ತಾನೆ? ರಾಯದುರ್ಗದ ಬಿಸಿಲಿಗೆ ಮಜ್ಜಿಗೆ ಬಿಡಬೇಡ. ಅಳಿಯಂದಿರು ತಾಲೂಕು ಕಚೇರಿಯ ಕೆಲಸದಲ್ಲಿ ಊಟ ತಪ್ಪಿಸಬಾರದೆಂದು ನಾನು ಹೇಳಿದೆನೆಂದು ಹೇಳು. ನಿನ್ನಮ್ಮ ಈಗಲೇ ಹಳೇ ಸೀರೆಗಳನ್ನು ಹರಿದು ಮಗುವಿಗೆ ಬಟ್ಟೆ ಮಡಿಸಿಡುತ್ತಿದ್ದಾಳೆ. ನನಗೇನು, ಗುಂಡುಕಲ್ಲಿನಂತಿದ್ದೇನೆ.

ನಿನ್ನ ಕಾಗದ ಬಂತು. ಬಾಣಂತನಕ್ಕೆ ಬಂದಾಗ ಕದರಮ್ಮ ಮನೆಯಲ್ಲಿರಬಾರದು, ಮಗುವಿಗೆ ಅವಳ ಕೈ ಸೋಕಬಾರದು ಎಂದು ಅಳಿಯಂದಿರು ಹೇಳಿದ್ದಾರೆಂದು ಬರೆದಿದ್ದೀಯ. ಓದಿ ನಾಲ್ಕು ದಿನ ನಿನ್ನಮ್ಮನ ಮುಖ ನೋಡಲಾಗಲಿಲ್ಲ. ನಿನ್ನನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆದವಳು ಆ ಕದರಮ್ಮ. ಇಪ್ಪತ್ತು ವರ್ಷ ನಮ್ಮ ಮನೆಯಲ್ಲಿ ದುಡಿದವಳು ಯುಗಾದಿಯ ಮಾರನೆಯ ದಿನ ಗಂಟು ಕಟ್ಟಿಕೊಂಡು ರತ್ನಗಿರಿಯ ಮಗಳ ಮನೆಗೆ ಹೋದಳು. ಆಗ ನಾನು ಬೇಡವೆನ್ನಲಿಲ್ಲ.

ನನ್ನ ಸಾಬೂನಿನ ಹುಚ್ಚು ನಿನಗೆ ಗೊತ್ತಲ್ಲ. ಸ್ವದೇಶಿ ಎಂದು ಹೇಳಿಕೊಂಡು ಹಿಂದೂಪುರದಿಂದ ಕಾಸ್ಟಿಕ್ ಸೋಡಾ ತಂದು, ಕೊಬ್ಬರಿ ಎಣ್ಣೆಗೂ ಹೊಂಗೆ ಎಣ್ಣೆಗೂ ಬೆರೆಸಿ ತಿರುವುತ್ತಾ ಕೂತರೆ ಊಟಕ್ಕೂ ಏಳುತ್ತಿರಲಿಲ್ಲ. ಶಾಲೆಯ ಸೀಮೆಸುಣ್ಣದ ಪೆಟ್ಟಿಗೆಯೇ ನನ್ನ ಅಚ್ಚು. ಮದುವೆಯಾದ ಮೇಲಿನ ಮೊದಲ ಯುಗಾದಿಗೆ ಅಳಿಯ ಬರುತ್ತಾನೆ, ಎಣ್ಣೆನೀರಿಗೆ ಮಾವನ ಕೈಯ ಸಾಬೂನೇ ಆಗಬೇಕು ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಹಬ್ಬಕ್ಕೆ ಒಂಬತ್ತು ದಿನವಿದ್ದಾಗ ಎರಕ ಹೊಯ್ದು, ಗಂಧದ ಪುಡಿ ಉದುರಿಸಿ, ನಿನ್ನ ಹೆಸರನ್ನೂ ಕೊರೆದೆ. ಕಡೇಪಕ್ಷ ಒಂದು ತಿಂಗಳು ಒಣಗಿಸದಿದ್ದರೆ ಸೋಡಾದ ಕಾರ ಇಳಿಯುವುದಿಲ್ಲವಂತೆ. ಅದು ಆಗ ನನಗೆ ಗೊತ್ತಿರಲಿಲ್ಲ.

ಆಮೇಲಿನದು ನೀನೇ ಕಂಡಿದ್ದೀಯ. ಕದರಮ್ಮ ತಲೆಗೆ ಸೀಗೆಪುಡಿ, ಬೆನ್ನಿಗೆ ಸಾಬೂನು ಹಾಕಿ ಉಜ್ಜಿ ಉಜ್ಜಿ ಎರೆದಳು. ಅಳಿಯಂದಿರು ಬಚ್ಚಲಿಂದ ಎದ್ದು ಬಂದು "ಬೆನ್ನು ಉರಿಯಾಕತ್ತೈತ್ರಿ ಮಾವಾ, ಏನ್ ಹಚ್ಚಿದ್ರಿ?" ಎಂದಾಗ ಬೀಗರೆಲ್ಲ ಪಡಸಾಲೆಯಲ್ಲಿ ಕೂತಿದ್ದರು. ಬೆನ್ನು ಕೆಂಪಗೆ ಎದ್ದಿತ್ತು. ನನ್ನ ಬಾಯಿಂದ ಏನು ಬಂತು ಹೇಳು? "ಮೆಣಸಿನಕಾಯಿ ಕುಟ್ಟಿದ ಒರಳಲ್ಲೇ ಸೀಗೆಕಾಯಿ ಕುಟ್ಟಿದ್ದಾಳೆ ಈ ಮುದುಕಿ!" ಎಂದುಬಿಟ್ಟೆ. ಸೀಗೆಕಾಯಿಗೆಂದೇ ಅವಳು ಹಿತ್ತಲಲ್ಲಿ ಬೇರೆ ಒರಳಿಟ್ಟಿದ್ದಳು, ಅದಕ್ಕೆ ಇನ್ನೊಬ್ಬರ ಕೈ ಮುಟ್ಟಗೊಡುತ್ತಿರಲಿಲ್ಲ. ಅದು ನಿನಗೂ ಗೊತ್ತು, ನಿನ್ನಮ್ಮನಿಗೂ ಗೊತ್ತು. ಕದರಮ್ಮ ನನ್ನನ್ನೊಮ್ಮೆ ನೋಡಿ, ಕೈ ಸೆರಗಲ್ಲಿ ಮುಚ್ಚಿಕೊಂಡು ಒಳಗೆ ಹೋದಳು. ಮಕ್ಕಳಿಗೆ ದಿನಾ ಸತ್ಯದ ಪಾಠ ಹೇಳುವ ಮೇಷ್ಟ್ರು ನಾನು!

ಮೊನ್ನೆ ಗಾಡಿ ಕಟ್ಟಿಸಿಕೊಂಡು ರತ್ನಗಿರಿಗೆ ಹೋಗಿ ಬಂದೆ. ಜೇನುಮೇಣ ಕರಗಿಸಿ ಎಣ್ಣೆ ಸೇರಿಸಿ ಕೈಕಾಲು ಒಡಕಿಗೆ ಹಚ್ಚುವ ಬಿಲ್ಲೆ ಮಾಡಿದ್ದೆ, ಅದನ್ನು ಕೊಟ್ಟೆ. ಅವಳ ಅಂಗೈ ನೋಡಿದೆ. ಸುಲಿದು ಮಾಗಿದ ಕಲೆ ಇನ್ನೂ ಇದೆ. ನನ್ನ ಸಾಬೂನಿಂದಲೇ ಆದದ್ದು, ತಪ್ಪು ನಿನ್ನ ತಲೆಗೆ ಕಟ್ಟಿದೆ ಎಂದೆ. ಅವಳು ನಕ್ಕಳು. "ಆವತ್ತೇ ತಿಳೀತು ಮೇಷ್ಟ್ರೇ, ನನ್ ಕೈಯೂ ಉರೀತಿತ್ತಲ್ಲ. ಹೊಸ ಅಳಿಯನ ಮುಂದೆ ನಿಮ್ ಮರ್ವಾದೆ ಹೋಗ್ಬಾರ್ದು ಅಂತ ಸುಮ್ಕಿದ್ದೆ. ನೀವೇನು ಬೇಕು ಅಂತ ಮಾಡಿದ್ರಾ? ತಿಳೀದೆ ಆಗಿದ್ದು, ಬಿಡಿ" ಎಂದಳು. ಮಗುವಿಗೆ ಎರೆಯಲು ಬರುತ್ತೀಯಾ ಎಂದಾಗ ಗಂಗಕ್ಕ ಕರೆದರೆ ಬರ್ತೀನಿ ಎಂದಳು. ಅದಕ್ಕೇ ಅಳಿಯಂದಿರಿಗೆ ಈ ಕಾಗದ ಓದಿ ಹೇಳು. ಅವರು ನನ್ನನ್ನು ಏನು ಬೇಕಾದರೂ ಅನ್ನಲಿ.

ಅತ್ತೆ ಮಾವನವರಿಗೆ ನಮಸ್ಕಾರ ತಿಳಿಸು. ಭಾರ ಎತ್ತಬೇಡ. ಸುಖವಾಗಿ ಬಾ.

ಇಂತಿ ನಿನ್ನ ಅಪ್ಪ,
ಲಕ್ಷ್ಮೀನರಸಪ್ಪ

ತಾ. ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ. ಗೊತ್ತಿರಲಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಸಾಬೂನನ್ನು ನಾಲಿಗೆ ತುದಿಗೆ ಮುಟ್ಟಿಸಿ ನೋಡಬೇಕು, ಚುರುಗುಟ್ಟಿದರೆ ಮೈಗೆ ಹಾಕಬಾರದು ಎಂದು ನಾನು ನೋಡಿ ಕಲಿತ ಸಾಬೂನಿನ ಪುಸ್ತಕದಲ್ಲೇ ಇತ್ತು. ಹಬ್ಬದ ಹಿಂದಿನ ದಿನ ಮುಟ್ಟಿಸಿ ನೋಡಿದ್ದೆ. ಚುರುಗುಟ್ಟಿತ್ತು. ಊರೆಲ್ಲ ಹೇಳಿಕೊಂಡಾಗಿತ್ತಲ್ಲ, ಬಾಯಿ ಮುಕ್ಕಳಿಸಿ ಸುಮ್ಮನಾದೆ. "ತಿಳೀದೆ ಆಗಿದ್ದು" ಎಂದು ಕದರಮ್ಮ ಕ್ಷಮಿಸಿದಾಗಲೂ ಹೌದೆಂದು ತಲೆಯಾಡಿಸಿ ಬಂದೆ. ನಾಳೆ ಮತ್ತೆ ರತ್ನಗಿರಿಗೆ ಹೋಗುತ್ತೇನೆ. ಇದನ್ನು ಕೇಳಿದ ಮೇಲೂ ಅವಳು ಬಂದರೆ, ಅದು ನಿನಗಾಗಿ ಬಂದದ್ದು ಎಂದು ತಿಳಿ.