ಒಂದೇ ಸಲ ಎಳೆದ ಬೀಗ

ಹೊಳೆನರಸೀಪುರ
12-8-2024

ಚಿ. ಸೌ. ಪ್ರತಿಭಾಗೆ ಅಪ್ಪನ ಆಶೀರ್ವಾದ.

ನಾವಿಬ್ಬರೂ ಕ್ಷೇಮ. ನೀನು, ಅಳಿಯಂದಿರು ಸಿದ್ದೇಶ್ವರ, ಮೊಮ್ಮಗಳು ಮಾನ್ಯ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಜೇಬಿನಲ್ಲಿ ಫೋನ್ ಇಟ್ಟುಕೊಂಡು ಈ ಮುದುಕ ಕಾಗದ ಬರೆಯುತ್ತಾನಲ್ಲ ಎಂದು ನಗಬೇಡ. ನೀನು ಮದುವೆಯಾಗಿ ಹೋದ ಈ ಹನ್ನೆರಡು ವರ್ಷದಲ್ಲಿ ನಿನಗೆ ಬಹಳ ಕಾಗದ ಬರೆದಿದ್ದೇನೆ. ಒಂದೂ ನಿನ್ನ ಕೈ ಸೇರಲಿಲ್ಲ. ಬರೆದದ್ದನ್ನು ಓದುವುದು, ಏನೋ ತಪ್ಪಾಗಿದೆ ಅನ್ನಿಸುವುದು, ಮತ್ತೆ ಬರೆಯುವುದು, ಕೊನೆಗೆ ಒಲೆಗೆ ಹಾಕುವುದು. ತಡವಾಯಿತು, ಕ್ಷಮಿಸು ಎಂದು ಕೇಳುವ ಮುಖವೂ ನನಗಿಲ್ಲ.

ಈ ಕಾಗದ ಡಾಕ್ಟರು ಕೊಟ್ಟ ಹೋಂವರ್ಕು. ಒಂದೇ ಸಲ ಬರೆಯಬೇಕು, ತಿರುಗಿ ಓದಬಾರದು, ಅಂಟಿಸಿ ಅಂಚೆ ಡಬ್ಬಕ್ಕೆ ಹಾಕಬೇಕು. ಯಾವ ಡಾಕ್ಟರು ಅಂತೀಯಾ? ಹಾಸನದಲ್ಲಿ ಮನಸ್ಸಿನ ಕಾಯಿಲೆ ನೋಡುವವರು. ಗಾಬರಿಯಾಗಬೇಡ, ನಿಮ್ಮಪ್ಪನಿಗೆ ಹುಚ್ಚು ಹಿಡಿದಿಲ್ಲ.

ನನ್ನ ಬೀಗದ ಕಥೆ ನಿನಗೆ ಗೊತ್ತೇ ಇದೆ. ಮನೆಗೆ ಬೀಗ ಹಾಕಿದರೆ ಅದನ್ನು ಎಂಟು ಸಲ ಎಳೆದು ನೋಡದೆ ಅಲ್ಲಿಂದ ಹೆಜ್ಜೆ ಕೀಳುತ್ತಿರಲಿಲ್ಲ. ಊರು ಅದನ್ನು ಜವಾಬ್ದಾರಿ ಎಂದಿತು. ಎದುರುಮನೆ ತಿಮ್ಮಪ್ಪ, "ಸಾವ್ಕಾರ್ರೆ, ಬೀಗ ಆಕುದ್ರೆ ನಿಮ್ಮಂಗೆ ಆಕ್ಬೇಕು ಕಣ್ರಿ" ಎಂದು ತನ್ನ ಮನೆಯ ಬೀಗದ ಕೈಯನ್ನೂ ಕೊಟ್ಟ. ಸಮುದಾಯ ಭವನದ್ದು ಬಂತು, ಸೊಸೈಟಿ ಗೋಡೌನಿನದು ಬಂತು. ಹೀಗೆ ಒಂಬತ್ತು ಬೀಗದ ಕೈ ಸೊಂಟದಲ್ಲಿ ನೇತಾಡಿದವು. ಒಂದು ಸಲ ಶಾಲು ಹೊದಿಸಿ ಸನ್ಮಾನವನ್ನೂ ಮಾಡಿದರು! ಮೊದಲೇ ಕೋತಿ, ಮೇಲೆ ಹೆಂಡ ಕುಡಿಸಿದ ಹಾಗಾಯಿತು. ನಿಮ್ಮಮ್ಮ ಮಾತ್ರ, "ಎಷ್ಟೊತ್ ಎಳೀತೀರಿ, ಅದೇನ್ ಎಮ್ಮೆ ಕೆಚ್ಚಲಾ?" ಎನ್ನುತ್ತಿದ್ದಳು.

ನೀನಿರುವ ಚನ್ನರಾಯಪಟ್ಟಣವೇನು ಕಾಶಿಯಲ್ಲ. ಆದರೂ ನಿನ್ನ ಗೃಹಪ್ರವೇಶಕ್ಕೆ ನಾನು ಬರಲಿಲ್ಲ. ಭವನದಲ್ಲಿ ಕೆಲಸವಿತ್ತು ಎಂದದ್ದು ಸುಳ್ಳು. ಹೊಸ ಪಂಚೆ ಉಟ್ಟುಕೊಂಡು ಬಸ್ ಸ್ಟ್ಯಾಂಡಿನಿಂದ ನಾಲ್ಕು ಸಲ ಬೀಗ ನೋಡಲು ವಾಪಸ್ ಬಂದೆ. ಅಷ್ಟರಲ್ಲಿ ಮುಹೂರ್ತ ಮುಗಿದಿತ್ತು. ಅಪ್ಪನಿಗೆ ನಾನು ಬೇಡವಾದೆ ಎಂದು ನೀನು ಅಮ್ಮನ ಹತ್ತಿರ ಅತ್ತಿದ್ದೆಯಂತೆ. ನಿಜ ಹೇಳಲು ನಾಚಿಕೆಯಾಯಿತು, ಮಗಳೇ.

ಹೋದ ಜೂನ್‌ನಲ್ಲಿ ಅರಕಲಗೂಡಿನ ಮದುವೆಗೆ ಹೊರಟಾಗಲೂ ಹಾಗೇ ಬಸ್ ಇಳಿದು ಬಂದುಬಿಟ್ಟೆ. ನಿಮ್ಮಮ್ಮ ಒಬ್ಬಳೇ ಹೋದಳು. ನಾನು ಮನೆ ಬಾಗಿಲ ಮುಂದೆ ನಿಂತು ಎಳೆದೆ, ಎಳೆದೆ. ಬೀಗ ಜಗ್ಗಲಿಲ್ಲ, ಚಿಲಕವೇ ಕಿತ್ತು ಕೈಗೆ ಬಂತು. ಕಳ್ಳ ಬಂದಾನೆಂದು ಹೆದರುತ್ತಿದ್ದವನು ನನ್ನ ಮನೆಯ ಬಾಗಿಲನ್ನು ನಾನೇ ಮುರಿದಿದ್ದೆ. ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ. ಸಂಜೆ ಬಂದ ನಿಮ್ಮಮ್ಮ ಬೈಯಲಿಲ್ಲ. "ನಾಳಿಕೆ ಆಸ್ಪತ್ರೆಗೆ ಓಗನ ಬನ್ನಿ" ಎಂದಳು, ಅಷ್ಟೇ.

ಡಾಕ್ಟರು ಶೋಭಿತಾ ನಿನ್ನ ವಯಸ್ಸಿನವರು. "ಎಳೀದೆ ಬಂದ್ರೆ ಏನಾಗುತ್ತೆ ಅನ್ಸುತ್ತೆ?" ಎಂದು ಕೇಳಿದರು. ನಲವತ್ತು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. "ಹೆಂಡ್ತಿ, ಮಗಳು ಸತ್ತೋಯ್ತಾರೆ ಅನ್ಸುತ್ತೆ ಕಣಮ್ಮ" ಎಂದೆ. ಇದಕ್ಕೆ ಗೀಳು ಕಾಯಿಲೆ ಅನ್ನುತ್ತಾರಂತೆ. ಬೀಗ ಹಾಕಿದ್ದು ಗೊತ್ತಿರುತ್ತದೆ, ಆದರೂ ಮನಸ್ಸು ಹೆದರಿಸುತ್ತದೆ. ಎಳೆದರೆ ಒಂದು ಗಳಿಗೆ ಸಮಾಧಾನ, ಆ ಸಮಾಧಾನದ ಆಸೆಗೇ ಮತ್ತೆ ಎಳೆಯಬೇಕು ಅನ್ನಿಸುತ್ತದೆ. "ಮೊದ್ಲೇ ಯಾಕೆ ಬರ್ಲಿಲ್ಲ?" ಎಂದರು. "ಊರೆಲ್ಲ ಒಗಳ್ತಿತ್ತಲ್ಲಮ್ಮ" ಎಂದೆ.

ಮಾತ್ರೆ ನುಂಗುತ್ತಿದ್ದೇನೆ. ಎಂಟು ಬೀಗದ ಕೈಗಳನ್ನು ಅವರವರಿಗೆ ಹಿಂದಿರುಗಿಸಿದೆ. ಉಳಿದದ್ದು ನಮ್ಮ ಮನೆಯದು. ಅದನ್ನು ಒಂದೇ ಸಲ ಎಳೆದು ಹೊರಡಬೇಕು. ಮೊದಲ ದಿನ ಬೀದಿ ಕೊನೆ ಮುಟ್ಟುವಷ್ಟರಲ್ಲಿ ಅಂಗಿ ಬೆವರಿನಲ್ಲಿ ತೊಯ್ದಿತ್ತು. ನಿನ್ನೆ ಹೊಳೆಯವರೆಗೂ ಹೋಗಿ ಬಂದೆ. ಎಲ್ಲ ವಾಸಿಯಾಯಿತೆಂದು ತಿಳಿಯಬೇಡ, ಇವತ್ತು ಬೆಳಿಗ್ಗೆ ಮತ್ತೆ ಮೂರು ಸಲ ಎಳೆದೆ.

ಈಗ ಬರೆಯಲೇಬೇಕಾದ ವಿಷಯ. ಮಾನ್ಯ ಬರೆದದ್ದನ್ನು ಹಾಳೆ ಹರಿಯುವವರೆಗೂ ಅಳಿಸುತ್ತಾಳೆ, ಸ್ಕೂಲ್ ಗೇಟಿನಲ್ಲಿ ಬ್ಯಾಗ್ ಬಿಚ್ಚಿ ಬಿಚ್ಚಿ ನೋಡುತ್ತಾಳೆ ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದೆಯಂತೆ. "ತಡೀಲಾರ್ದೆ ಎಲ್ಡ್ ಏಟ್ ಬಿಟ್ಟೆ ಕಣಮ್ಮ" ಎಂದೂ ಹೇಳಿದೆಯಂತೆ. ಕೈ ಮುಗಿಯುತ್ತೇನೆ, ಹೊಡೆಯಬೇಡ. ಅದು ಗೀಳೋ ಅಲ್ಲವೋ ಹೇಳಲು ನಾನು ಡಾಕ್ಟರಲ್ಲ. ಎಂಟು ವರ್ಷದ ಮಗು, ಬರೀ ಅಚ್ಚುಕಟ್ಟಿನ ಹುಡುಗಿಯೂ ಇರಬಹುದು. ಆದರೆ ನೋಡದಿದ್ದರೆ ಏನಾಗುತ್ತದೆ ಅನ್ನಿಸುತ್ತದೆ ಎಂದು ಒಂದು ಸಲ ಪಕ್ಕದಲ್ಲಿ ಕೂರಿಸಿಕೊಂಡು ಕೇಳು. ಆಮೇಲೆ ಹಾಸನಕ್ಕೆ ಕರೆದುಕೊಂಡು ಬಾ. ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ನಾನು ಕಾಯುತ್ತಿರುತ್ತೇನೆ. ನಾಲ್ಕು ಸಲ ಮನೆಗೆ ವಾಪಸ್ ಹೋದರೂ ಐದನೇ ಸಲ ಬಂದೇ ಬರುತ್ತೇನೆ.

ನಿಮ್ಮಮ್ಮ ಗೋಂದಿನ ಬಾಟಲಿ ಹಿಡಿದು ನಿಂತಿದ್ದಾಳೆ. ನಾನು ಓದಲು ಶುರು ಮಾಡಿದರೆ ಕಿತ್ತುಕೊಳ್ಳುತ್ತಾಳಂತೆ. ಶಿವ ನಿಮ್ಮ ಮನೆಯನ್ನು ತಣ್ಣಗಿಟ್ಟಿರಲಿ.

ಇಂತಿ ನಿನ್ನ ಅಪ್ಪ,
ಚನ್ನಬಸವಯ್ಯ

ವಿ. ಸೂ.: ನೀನು ಐದನೇ ಕ್ಲಾಸಿನಲ್ಲಿದ್ದಾಗ, ಬ್ಯಾಗನ್ನು ಮತ್ತೆ ಮತ್ತೆ ನೋಡುತ್ತೀಯೆಂದು ಅಡಿಪಟ್ಟಿಯಲ್ಲಿ ಬೆರಳ ಗೆಣ್ಣಿಗೆ ಹೊಡೆದಿದ್ದೆ. ನೀನೂ ನನ್ನ ಹಾಗಾಗುತ್ತೀಯೆಂಬ ಭಯ. ಮಾರನೇ ದಿನದಿಂದ ನನ್ನೆದುರು ನೀನು ಬ್ಯಾಗ್ ಮುಟ್ಟಲಿಲ್ಲ. ಚಟ ಬಿಡಿಸಿದೆ ಎಂದು ಎಲ್ಲರ ಹತ್ತಿರ ಕೊಚ್ಚಿಕೊಂಡೆ. ಆದರೆ ನೀನು ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಬ್ಯಾಗಿನ ಜಿಪ್ ಎಳೆಯುತ್ತಿದ್ದ ಸದ್ದು ನನಗೆ ಕೇಳಿಸುತ್ತಿತ್ತು. ಹೊರಗೆ ನಿಂತು ಎಣಿಸುತ್ತಿದ್ದೆ. ಒಂದು ದಿನವೂ ಬಾಗಿಲು ತಟ್ಟಲಿಲ್ಲ. ಈಗಲೂ ಹಾಗೆ ನೋಡುತ್ತೀಯಾ, ಮಗಳೇ?