ಸಾಂಗತ್ಯ ನಷ್ಟ

ಟೊಲೀಡೊ, ಒಹಾಯೊ
ಮಾರ್ಚ್ 9

ಪ್ರೀತಿಯ ಬರ್ನಿ,

ಹೇಗಿದ್ದೀಯೆ? ನಿನ್ನ ಮೊಣಕಾಲು, ನಿನ್ನ ಆ ಕಿವುಡು ನಾಯಿ, ಎಲ್ಲ ಕ್ಷೇಮವೇ? ಕ್ರಿಸ್‌ಮಸ್ಸಿಗೆ ನೀನು ಬರೆದ ಕಾಗದಕ್ಕೆ ಈಸ್ಟರ್ ಹತ್ತಿರ ಬಂದಾಗ ಉತ್ತರ ಬರೆಯುತ್ತಿದ್ದೇನೆ. ಬಯ್ಯಬೇಕೆನಿಸಿದರೆ ಬಯ್ದುಬಿಡು, ಆದರೆ ಫೋನ್ ಮಾಡಿ ಬಯ್ಯಬೇಡ. ಹೋದ ಸಲ ಮತ್ತೆ ಮತ್ತೆ "ಏನಂದೆ?" ಎಂದು ಕೇಳಿ, ಆಮೇಲೆ ಅರ್ಥವಾದವಳ ಹಾಗೆ ಸುಮ್ಮನೆ ಹೂಂಗುಡತೊಡಗಿದೆಯಲ್ಲ, ನನಗೆ ಗೊತ್ತಾಯಿತು ಕಣೇ. ಫೋನ್ ಇಟ್ಟ ಮೇಲೆ ಅತ್ತುಬಿಟ್ಟೆ. ನಿನ್ನ ತಪ್ಪೇನಿಲ್ಲ, ನನ್ನ ಮಾತು ನನಗೇ ಅರ್ಥವಾಗುವುದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಕೇಸು ಏನಾಯಿತು ಎಂದು ಕೇಳಿದ್ದೀಯೆ. ಮುಗಿಯಿತು. ಅಪಘಾತದ ವಿಷಯ ನಿನಗೆ ಹೇಳುವಾಗ ಮುರಿದ ದವಡೆ ಕೂಡಲೆಂದು ನನ್ನ ಬಾಯಿಗೆ ತಂತಿ ಕಟ್ಟಿದ್ದರು, ಅರ್ಧ ನಿನಗೆ ಕೇಳಿಸಿರಲಿಕ್ಕಿಲ್ಲ. ಮೊದಲಿನಿಂದ ಹೇಳಿಬಿಡುತ್ತೇನೆ.

ಅವತ್ತು ಕಣ್ಣಿನ ಡಾಕ್ಟರು ಔಷಧಿ ಹಾಕಿ ನೋಡಿದ್ದರು, ಎದುರಿಗಿದ್ದದ್ದೆಲ್ಲ ಮಂಜು ಮಂಜು. ನಾನು ಕಾರು ಓಡಿಸುವ ಹಾಗಿರಲಿಲ್ಲ. ಬಂದು ಕರೆದುಕೊಂಡು ಹೋಗು ಎಂದು ಎಮಿಲ್‌ಗೆ ಫೋನ್ ಮಾಡಿದೆ. ಈಗೆಲ್ಲ ಫೋನ್ ಒತ್ತಿದರೆ ಕಾರು ಬಾಗಿಲಿಗೇ ಬರುತ್ತದಲ್ಲ, ನಾನ್ಯಾಕೆ ಬರಬೇಕು ಎಂದ. ನನ್ನ ಗಂಡ ನಿನಗೆ ಗೊತ್ತಿಲ್ಲದವನೇನಲ್ಲ. ಸರಿ, ಆ್ಯಪಿನಲ್ಲಿ ಕಾರು ಕರೆಸಿದೆ. ಓಡಿಸುತ್ತಿದ್ದ ಡೆಸ್ಮಂಡ್ ಒಳ್ಳೆಯವನೇ, ದಾರಿಯುದ್ದಕ್ಕೂ ತನ್ನ ತಾಯಿಯ ವಿಷಯ ಹೇಳುತ್ತಿದ್ದ. ಆದರೆ ಮುಂದಿನ ಗಿರಾಕಿಯನ್ನು ಹಿಡಿಯಲು ಫೋನ್ ಒತ್ತುತ್ತಾ ಕೆಂಪು ದೀಪ ದಾಟಿಬಿಟ್ಟ. ಪಕ್ಕದಿಂದ ಬಂದ ಟ್ರಕ್ಕು ನಾನು ಕೂತ ಕಡೆಗೇ ಗುದ್ದಿತು. ಅವನಿಗೆ ಒಂದು ಗೀರೂ ಆಗಲಿಲ್ಲ. ನನ್ನ ದವಡೆ ಎರಡು ಕಡೆ ಮುರಿಯಿತು, ನಾಲಿಗೆಯ ನರವೂ ಹೋಯಿತು.

ಪರಿಹಾರ ಕೇಳಿ ದಾವೆ ಹಾಕಿದರೆ ಆ ಕಾರಿನ ವಿಮೆಯವರು ಏನೆಂದರು ಗೊತ್ತೇ? ನಿಮ್ಮ ದವಡೆ ಮೊದಲೇ ಸವೆದಿತ್ತು ಎಂದರು. ಸವೆದಿತ್ತಂತೆ! ಚರ್ಚಿನ ಸಭಾಂಗಣದಲ್ಲಿ ಮೈಕಿಲ್ಲದೆ ಬಿಂಗೋ ಆಟದ ಅಕ್ಷರ, ಅಂಕಿ ಕೂಗುತ್ತಿದ್ದವಳು ನಾನು, ಹೊರಗೆ ಕಾರಿನಲ್ಲಿ ಕೂತವರಿಗೂ ಕೇಳುತ್ತಿತ್ತು. ಈಗ ರೋಸಲಿ ಕೂಗುತ್ತಾಳೆ, ಅವಳ ಬಾಯಲ್ಲಿ ಬಿ ಯಾವುದು ಜಿ ಯಾವುದು ಆ ದೇವರಿಗೇ ಗೊತ್ತು. ಇಷ್ಟು ಸಾಲದೆಂದು ನನ್ನ ಹಿಂದೆ ಒಬ್ಬ ಮನುಷ್ಯನನ್ನು ಬಿಟ್ಟಿದ್ದರು. ಚರ್ಚಿನ ಪಿಕ್ನಿಕ್ಕಿನಲ್ಲಿ ನಮ್ಮ ಫಾದರ್ ಮೆಕ್ಕೆಜೋಳದ ತೆನೆ ಕಚ್ಚಲು ಹೋದಾಗ ಅವರ ಹಲ್ಲಿನ ಸೆಟ್ಟು ತೆನೆಯಲ್ಲೇ ಕಚ್ಚಿಕೊಂಡು ಉಳಿಯಿತು, ನಾನು ನಕ್ಕೆ. ಇಡೀ ವರ್ಷದಲ್ಲಿ ನಕ್ಕಿದ್ದು ಅದೊಂದೇ ಸಲ. ಅದನ್ನು ಬೇಲಿಯಾಚೆಯಿಂದ ವಿಡಿಯೋ ಮಾಡಿ, ನೋಡಿ, ಈಕೆಯ ಬಾಯಿ ಚೆನ್ನಾಗಿಯೇ ತೆರೆಯುತ್ತದೆ ಎಂದು ತೋರಿಸಿದರು. ಹೊಟ್ಟೆ ಉರಿಯುತ್ತದೆ ಬರ್ನಿ.

ನಮ್ಮ ವಕೀಲ ಹಾಲಿಸ್ಟರ್, ಬಸ್ಸುಗಳ ಹಿಂದಿನ ಜಾಹೀರಾತಿನಲ್ಲಿ ಹಲ್ಲು ಕಿರಿದುಕೊಂಡಿರುತ್ತಾನಲ್ಲ, ಅವನೇ. ಅವನು ಒಂದು ದಿನ ಎಮಿಲ್‌ನನ್ನೂ ಕೂರಿಸಿಕೊಂಡು ಹೊಸ ವಿಷಯ ಹೇಳಿದ.

"ಹೆಂಡತಿಯ ಮಾತುಕತೆ, ಒಡನಾಟ, ಅಕ್ಕರೆ, ಇದೆಲ್ಲ ಹೋದ್ರೆ ಗಂಡನಿಗೂ ನಷ್ಟಾನೇ ಅಲ್ವಾ? ಕಾನೂನು ಅದಕ್ಕೂ ಪರಿಹಾರ ಕೊಡಿಸುತ್ತೆ. ಸಾಂಗತ್ಯ ನಷ್ಟ ಅಂತೀವಿ ಅದನ್ನ."

ಅದಕ್ಕೆ ಎಮಿಲ್ ತನ್ನ ಹೆಸರಿನಲ್ಲೂ ದಾವೆ ಹಾಕಬೇಕು, ಆಮೇಲೆ ವಿಮೆಯವರ ವಕೀಲರು ಅವನಿಗೆ ಪ್ರಮಾಣ ಮಾಡಿಸಿ ಪ್ರಶ್ನೆ ಕೇಳುತ್ತಾರೆ ಎಂದ. ಎಮಿಲ್ ಭುಜ ಕುಣಿಸಿ, ಹಾಕಿ ಎಂದ.

ನಗಬೇಡ ಬರ್ನಿ. ಮದುವೆಯಾಗಿ ಮೂವತ್ತೆಂಟು ವರ್ಷವಾಯಿತು, ಈ ಮನುಷ್ಯ ಒಂದು ಸಲವೂ ಬಾಯಿಬಿಟ್ಟು ನೀನು ಬೇಕು ಅಂದವನಲ್ಲ. ಕುಡುಕನಲ್ಲ, ಹೊಡೆಯುವವನಲ್ಲ, ಅಷ್ಟೇ. ಶಾಲೆಯ ಅಡುಗೆಮನೆಯಲ್ಲಿ ಇಬ್ಬರೂ ಕೆಲಸಕ್ಕಿದ್ದಾಗ ಆಲೂಗಡ್ಡೆ ಸುಲಿಯುತ್ತಾ ನಿನ್ನ ಹತ್ತಿರ ಎಷ್ಟು ಗೋಳಾಡಿಕೊಂಡಿಲ್ಲ. ಈಗ ದೇವರ ಮೇಲೆ ಆಣೆಯಿಡಿಸಿ ಕೇಳಿದರೆ ಹೇಳಲೇಬೇಕಲ್ಲ ಎಂದುಕೊಂಡೆ. ದುಡ್ಡು ಬಂದರೆಷ್ಟು, ಬಿಟ್ಟರೆಷ್ಟು. ನಿನ್ನ ಮಾತಿಲ್ಲದೆ ಮನೆ ಮನೆಯಂತಿಲ್ಲ ಎಂಬ ಒಂದು ಮಾತು ಅವನ ಬಾಯಿಂದ ಕೇಳಬೇಕಿತ್ತು ನನಗೆ. ಅವನು ಹೇಳಿಕೆ ಕೊಡುವ ದಿನ ಕೂದಲು ಸೆಟ್ ಮಾಡಿಸಿಕೊಂಡು, ನೀಲಿ ಬ್ಲೌಸು ಹಾಕಿಕೊಂಡು ಹೊರಟೆ. ನಿನ್ನನ್ನೇನೂ ಕೇಳಲ್ಲವಲ್ಲ, ನೀನ್ಯಾಕೆ ಬರ್ತೀಯ ಎಂದ ಎಮಿಲ್. ಆದರೂ ಕಾರು ಹತ್ತಿದೆ.

ಎಮಿಲ್ ಹೇಳಿಕೆ ಕೊಟ್ಟ. ಸ್ವಲ್ಪ ದಿನಕ್ಕೆ ಹಾಲಿಸ್ಟರ್ ಫೋನ್ ಮಾಡಿ, ಗಂಡನ ದಾವೆ ಕೈಬಿಡೋಣ, ವಿಮೆಯವರು ಕೊಟ್ಟಷ್ಟು ತೆಗೆದುಕೊಂಡು ಮುಗಿಸೋಣ ಎಂದ. ಸಹಿ ಹಾಕಿದೆ. ಆಸ್ಪತ್ರೆಗೆ ಅವರ ಪಾಲು, ಹಾಲಿಸ್ಟರ್‌ಗೆ ಅವನ ಪಾಲು. ಉಳಿದದ್ದರಲ್ಲಿ ಎಮಿಲ್ ಗ್ಯಾರೇಜಿಗೆ ಹೊಸ ಬಾಗಿಲು ಹಾಕಿಸಿದ್ದಾನೆ, ಗುಂಡಿ ಒತ್ತಿದರೆ ಮೇಲೇಳುತ್ತದೆ. ಅಗಿಯಲಾಗದ ನನಗೆ ಸೂಪು, ಹಿಸುಕಿದ ಆಲೂಗಡ್ಡೆ, ಮತ್ತೆ ಸೂಪು. ಈಸ್ಟರಿಗೆ ಮುಂಚಿನ ಶುಕ್ರವಾರಗಳಲ್ಲಿ ಚರ್ಚಿನಲ್ಲಿ ಎಲ್ಲರಿಗೂ ಮೀನು ಕರಿಯುತ್ತಾರಲ್ಲ, ಆ ವಾಸನೆ ಬಂದರೆ ಎದ್ದು ಮನೆಗೆ ಬರುತ್ತೇನೆ.

ನಿಮ್ಮ ಟೂಸಾನ್ ಊರಿನ ಬಿಸಿಲಲ್ಲಿ ಹುಷಾರಾಗಿರು. ಚರ್ಚಿನಲ್ಲಿ ಮೊದಲ ಕಮ್ಯೂನಿಯನ್ ಪ್ರಸಾದ ತೆಗೆದುಕೊಳ್ಳುವ ನಿನ್ನ ಮೊಮ್ಮಗಳಿಗೆ ನನ್ನ ಮುತ್ತು, ನನ್ನ ಆಶೀರ್ವಾದ. ದೇವರು ನಿಮ್ಮ ಮನೆಯನ್ನು ಕಾಯಲಿ.

ನಿನ್ನ,
ಮಾರ್ಲೀನ್

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ?

ಎಮಿಲ್ ಹೇಳಿಕೆ ಕೊಡುವಾಗ ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ವಿಮೆಯವರ ವಕೀಲೆ ಚಿಕ್ಕ ವಯಸ್ಸಿನವಳು, ಮೆತ್ತಗೆ ಮಾತಾಡುತ್ತಿದ್ದಳು. "ಸರ್, ನಿಮ್ಮ ಹೆಂಡತಿಗೆ ಹೀಗಾದ ಮೇಲೆ ನೀವೇನು ಕಳ್ಕೊಂಡಿದೀರಿ?" ಎಂದು ಕೇಳಿದಳು. ಅವನು ಯೋಚಿಸಿದ. ನಿಜವಾಗಿಯೂ ಯೋಚಿಸಿದ ಬರ್ನಿ, ತುಂಬಾ ಹೊತ್ತು. ನಾನು ಅವನ ಬಾಯನ್ನೇ ನೋಡುತ್ತಾ ಕೂತಿದ್ದೆ.

"ಕಳ್ಕೊಂಡಿದ್ದು ಏನೂ ಇಲ್ಲಮ್ಮ," ಎಂದ. "ಮೊದಲೆಲ್ಲ ಬೆಳಗ್ಗೆ ಎದ್ದಾಗಿಂದ ಮಾತು, ಮಾತು. ಈಗ ಮನೆ ತಣ್ಣಗಿದೆ. ನಾನು ನೆಮ್ಮದಿಯಾಗೇ ಇದೀನಿ."

ಸಿಟ್ಟಿನಲ್ಲಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಸಿಟ್ಟೇ ಇರಲಿಲ್ಲ ಅವನಿಗೆ. ಆ ಹುಡುಗಿ ನನ್ನ ಕಡೆ ನೋಡಿ ತಲೆ ತಗ್ಗಿಸಿದಳು, ಇನ್ನೇನೂ ಕೇಳುವುದಿಲ್ಲ ಎಂದಳು.

ವಾಪಸು ಬರುವಾಗ ಕಾರಿನಲ್ಲಿ, "ಸರಿಯಾಗಿ ಹೇಳಿದ್ನಾ?" ಎಂದು ನನ್ನನ್ನೇ ಕೇಳಿದ. ಸರಿಯಾಗೇ ಹೇಳಿದೀಯ ಎಂದೆ.